ಐಸೆಫ್‌ಗೆ ಮಗಳ ಪ್ರಯೋಗ: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ಮಗಳು ಹತ್ತನೇ ತರಗತಿ. ಐಸೆಫ್ ಅಂತರರಾಷ್ಟ್ರೀಯ ವಿಜ್ಞಾನ ಮೇಳಕ್ಕೆ ಹೋಗಲೇಬೇಕು ಅಂತ ಆಸೆ. ಎಲೆಯ ರಸ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುತ್ತದೆಯೇ ಅಂತ ನೋಡುವ ಪ್ರಯೋಗ. ನೇರವಾಗಿ ಅರ್ಜಿ ಹಾಕಬಹುದಾ? ರಜೆಯಲ್ಲಿ ಮನೆಯಲ್ಲೇ ಶುರು ಮಾಡಲಾ ಅಂತ ಕೇಳುತ್ತಿದ್ದಾಳೆ.

ಉತ್ತರ 1: ದಯವಿಟ್ಟು ಮನೆಯಲ್ಲಿ ಬೇಡ! ಮನೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸುವುದನ್ನು ಐಸೆಫ್ ನಿಯಮ ಒಪ್ಪುವುದಿಲ್ಲ, ಸರಿಯಾದ ಲ್ಯಾಬ್ ಬೇಕು. ಮೊದಲು ಸಂಶೋಧನಾ ಯೋಜನೆ ಬರೆದು ಪರಿಶೀಲನಾ ಸಮಿತಿಯ ಒಪ್ಪಿಗೆ ಪಡೆಯಬೇಕು, ಆಮೇಲೆ ಪ್ರಯೋಗ. ಮನುಷ್ಯರು, ಬೆನ್ನೆಲುಬಿರುವ ಪ್ರಾಣಿಗಳ ಮೇಲಿನ ಅಧ್ಯಯನಕ್ಕೂ ಹೀಗೇ ಮುಂಚೆಯೇ ಒಪ್ಪಿಗೆ ಬೇಕು. ಎಷ್ಟೋ ಒಳ್ಳೆಯ ಕೆಲಸ ಇಲ್ಲೇ ಎಡವುತ್ತದೆ, ನೋಡಿದರೆ ಬೇಜಾರಾಗುತ್ತದೆ.

ಉತ್ತರ 2: ನೇರ ಅರ್ಜಿ ಇಲ್ಲ. ಐಸೆಫ್ ಜೊತೆ ನಂಟಿರುವ ಮೇಳದಲ್ಲಿ ಆಯ್ಕೆಯಾಗಬೇಕು. 9ರಿಂದ 12ನೇ ತರಗತಿಯವರಿಗೆ ಅವಕಾಶ, ತಂಡವಾದರೆ 3 ಜನರವರೆಗೆ.

ಉತ್ತರ 3: ಲ್ಯಾಬ್ ಪುಸ್ತಕವನ್ನು ಮೊದಲ ದಿನದಿಂದಲೇ ದಿನಾಂಕ ಹಾಕಿ ಬರೆಯಲಿ, ಕೈಕೊಟ್ಟ ಪ್ರಯೋಗವನ್ನೂ ಬಿಡದೆ. ತೀರ್ಪುಗಾರರು ಮಕ್ಕಳ ಹತ್ತಿರವೇ ಮಾತಾಡುತ್ತಾರೆ. ಪೋಸ್ಟರ್ ಚಂದ ಇದ್ದರೆ ಸಾಲದು. ಹೋಲಿಸಿ ನೋಡಲು ಎಲೆಯ ರಸ ಹಾಕದ ಬ್ಯಾಕ್ಟೀರಿಯಾ ತಟ್ಟೆಯನ್ನೂ ಇಟ್ಟಿದ್ದೆಯಾ, ರಸ ತೆಗೆಯಲು ಬಳಸಿದ ಆಲ್ಕೋಹಾಲೇ ಬ್ಯಾಕ್ಟೀರಿಯಾ ಕೊಂದಿರಬಹುದಲ್ವಾ, ಇದರಲ್ಲಿ ಮಾರ್ಗದರ್ಶಕರು ಮಾಡಿದ್ದೆಷ್ಟು, ನೀನು ಮಾಡಿದ್ದೆಷ್ಟು, ಇಂಥ ಪ್ರಶ್ನೆಗಳಿಗೆ ಅವಳೇ ಉತ್ತರ ಕೊಡುವಂತಿರಬೇಕು.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ನಾಳೆಯೇ ಅವಳ ವಿಜ್ಞಾನ ಟೀಚರ್ ಹತ್ತಿರ ಲ್ಯಾಬ್ ಬಗ್ಗೆ ಮಾತಾಡುತ್ತೇನೆ.