‘ನೆಬ್ರಾಸ್ಕಾ’ ಥರದ ಧ್ವನಿ ನಾಲ್ಕು ಟ್ರ್ಯಾಕ್ ಕ್ಯಾಸೆಟ್‌ನಲ್ಲಿ: ಮೈಕ್, ಟೇಪ್, ಎಕೋ

ತಂತಿನಾದ (ಪ್ರಶ್ನೆ)

ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ 1982ರ ‘ನೆಬ್ರಾಸ್ಕಾ’ ಆಲ್ಬಂ ಥರ ಬರೀ ಗಿಟಾರ್, ಹಾಡು, ಹಾರ್ಮೋನಿಕಾ ಇಟ್ಟುಕೊಂಡು ಒಂದಿಷ್ಟು ಹಾಡು ರೆಕಾರ್ಡ್ ಮಾಡಬೇಕು. ನಾಲ್ಕು ಟ್ರ್ಯಾಕ್‌ನ ಕ್ಯಾಸೆಟ್ ರೆಕಾರ್ಡರ್ ಇದೆ, ಎರಡು ಡೈನಮಿಕ್ ಮೈಕ್ ಇವೆ. ಹಾಕಿರುವುದು ಮಾಮೂಲಿ ಟೈಪ್ 1 (ಫೆರಿಕ್ ಟೇಪ್), ಸಿ-90 (90 ನಿಮಿಷದ) ಕ್ಯಾಸೆಟ್. ದನಿ ಮಂಕಾಗಿ ಕೇಳುತ್ತದೆ. ಎರಡು ಟ್ರ್ಯಾಕ್ ಸೇರಿಸಿದರೆ ಗಿಟಾರಿನ ಬೇಸ್ ಸೊರಗುತ್ತದೆ. ಮಿಕ್ಸ್ ಮಾಡುವಾಗ ಟೇಪಿನ ‘ಸ್ಸ್’ ಸದ್ದು ಹಾಡಿಗಿಂತ ಮುಂದೆ ಬಂದು ನಿಲ್ಲುತ್ತದೆ. ಆ ಆಲ್ಬಂನ ಎಕೋ ಯಾವ ಹಂತದಲ್ಲಿ ಹಾಕಿದ್ದು?

ಸುರುಳಿಟೇಪು

ಎಕೋ ಹಾಕಿದ್ದು ಮಿಕ್ಸ್ ಮಾಡುವಾಗ, ರೆಕಾರ್ಡ್ ಮಾಡುವಾಗ ಅಲ್ಲ. ನ್ಯೂಜೆರ್ಸಿಯ ಕೋಲ್ಟ್ಸ್ ನೆಕ್‌ನ ಬಾಡಿಗೆ ಮನೆಯಲ್ಲಿ ಟಿಯಾಕ್ 144 ಪೋರ್ಟಾಸ್ಟುಡಿಯೋ ಮತ್ತು ಎರಡು ಶ್ಯೂರ್ ಎಸ್‌ಎಂ57 ಮೈಕ್ ಇಟ್ಟುಕೊಂಡು ಮಾಡಿದ ಡೆಮೊ ಅದು. ಹಾಡು, ಗಿಟಾರ್ ಒಟ್ಟಿಗೇ ಎರಡು ಟ್ರ್ಯಾಕ್‌ಗೆ; ಉಳಿದ ಎರಡರಲ್ಲಿ ಎರಡನೇ ದನಿ, ತಂಬೂರಿನ್, ಗ್ಲಾಕೆನ್‌ಸ್ಪೀಲ್ ಥರದ್ದು. ಆಮೇಲೆ ಎಲ್ಲವನ್ನೂ ಎಕೋಪ್ಲೆಕ್ಸ್ ಎಂಬ ಟೇಪ್ ಎಕೋ ಮೂಲಕ ಹಾಯಿಸಿ ಒಂದು ಪ್ಯಾನಸಾನಿಕ್ ಬೂಮ್‌ಬಾಕ್ಸ್‌ಗೆ ಇಳಿಸಿದರು. ನಾಲ್ಕೇ ಟ್ರ್ಯಾಕ್‌ನಲ್ಲಿ ಮುಗಿಸಿದ್ದರಿಂದ ಒಂದು ಟ್ರ್ಯಾಕನ್ನು ಇನ್ನೊಂದಕ್ಕೆ ಬೌನ್ಸ್ ಮಾಡುವ, ಅಂದರೆ ನಕಲಿಸಿ ಜಾಗ ಬಿಡಿಸುವ, ಪ್ರಸಂಗವೇ ಇಲ್ಲ. ನೀವೂ ಬೌನ್ಸ್ ಮಾಡಬೇಡಿ. ಪ್ರತಿ ಬೌನ್ಸ್‌ಗೂ ಹಿಸ್ (ಟೇಪಿನ ‘ಸ್ಸ್’ ಸದ್ದು) ಏರುತ್ತದೆ, ಮೇಲಿನ ಸ್ವರಾಂಶ ಕರಗುತ್ತದೆ.

ನಿಮ್ಮ ಮಂಕುತನಕ್ಕೆ ನನ್ನ ಮೊದಲ ಅನುಮಾನ ಕ್ಯಾಸೆಟ್ ಮೇಲೆ. ಇಂಥ ಬಹುಪಾಲು ಯಂತ್ರಗಳ ಬಯಾಸ್ (ರೆಕಾರ್ಡ್ ಮಾಡುವಾಗ ಸದ್ದಿನ ಜೊತೆ ಟೇಪಿಗೆ ಹಾಯಿಸುವ, ಕಿವಿಗೆ ಕೇಳಿಸದ ಸಂಕೇತ) ಹೊಂದಿಸಿರುವುದು ಟೈಪ್ 2 (ಕ್ರೋಮ್ ಥರದ) ಟೇಪಿಗೆ. ಟೈಪ್ 1ಕ್ಕೆ ಆ ಬಯಾಸ್ ಜಾಸ್ತಿಯಾಗಿ ಟ್ರೆಬಲ್ ಸಾಯುತ್ತದೆ. ಸಿ-60 ಟೈಪ್ 2 ಹಾಕಿ. ಮಾಮೂಲಿ ಕ್ಯಾಸೆಟ್‌ನಲ್ಲಿ ಒಂದು ಮಗ್ಗುಲಿಗೆ ಎರಡು ಟ್ರ್ಯಾಕ್. ಇಲ್ಲಿ ನಾಲ್ಕೂ ಒಂದೇ ದಿಕ್ಕಿಗೆ ಓಡುತ್ತವೆ. ನಿಮ್ಮದು ದುಪ್ಪಟ್ಟು ವೇಗದ ಯಂತ್ರವಾದರೆ ಸಿ-60ಯಲ್ಲಿ ಸಿಗುವುದು 15 ನಿಮಿಷ ಮಾತ್ರ. ಕ್ಯಾಸೆಟ್ ತಿರುಗಿಸಿ ಹಾಕಿ ರೆಕಾರ್ಡ್ ಒತ್ತಿದರೆ ಮೊದಲಿನದು ಅಳಿಸಿಹೋಗುತ್ತದೆ. ಸಿ-120 ಬೇಡವೇ ಬೇಡ: ಟೇಪ್ ತೀರಾ ತೆಳು, ಹಿಗ್ಗುತ್ತದೆ, ಪಕ್ಕದ ಸುತ್ತಿನ ಸದ್ದು ಅಂಟಿಕೊಂಡು ಹಾಡಿಗೆ ಮುಂಚೆಯೇ ಸಣ್ಣಗೆ ಕೇಳಿಸುತ್ತದೆ.

ಹೆಡ್ಡನ್ನು 99% ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ಕಡ್ಡಿ ಕಂದು ಬಣ್ಣಕ್ಕೆ ತಿರುಗುವುದು ನಿಲ್ಲುವ ತನಕ ಬಿಡಬೇಡಿ. ಪಿಚ್ ಕಂಟ್ರೋಲ್ (ಟೇಪಿನ ವೇಗ ತಿದ್ದುವ ಗುಂಡಿ) ನಡುವಿನ ಗುರುತಿನಲ್ಲಿದೆಯೇ ಎಂದು ಪ್ರತಿ ಸಲ ನೋಡಿ. ಇಲ್ಲದಿದ್ದರೆ ಆಮೇಲೆ ಹಾರ್ಮೋನಿಕಾ ಶ್ರುತಿಗೆ ಕೂರುವುದಿಲ್ಲ.

ಒಂದೇಮೈಕು

ಬೇಸ್ ಸೊರಗುವುದು ಫೇಸ್ (phase, ಅಲೆಗಳ ಹೊಂದಾಣಿಕೆ) ಸಮಸ್ಯೆ. ಎರಡು ಮೈಕ್‌ಗೂ ಎರಡು ಸದ್ದೂ ಬೀಳುತ್ತದೆ, ಆದರೆ ಬೇರೆ ಬೇರೆ ಹೊತ್ತಿಗೆ; ಕೂಡಿಸಿದಾಗ ಕೆಲವು ಸ್ವರಗಳು ಒಂದನ್ನೊಂದು ತಿನ್ನುತ್ತವೆ. ದನಿಯ ಮೈಕ್ ಬಾಯಿಂದ 10 ಸೆಂ.ಮೀ., ತುಸು ಮೇಲಿನಿಂದ. ಗಿಟಾರಿನದು 12ನೇ ಫ್ರೆಟ್‌ನ ಎದುರು, 12ರಿಂದ 15 ಸೆಂ.ಮೀ. ದೂರ. ಸದ್ದಿನ ರಂಧ್ರಕ್ಕೆ ನೇರ ಹಿಡಿದರೆ ಗುಂ ಎನ್ನುತ್ತದೆ. ಕಾರ್ಡಿಯಾಯ್ಡ್ (ಮುಂದಿನದನ್ನೇ ಹೆಚ್ಚು ಹಿಡಿಯುವ) ಮೈಕ್‌ಗೆ ಬೆನ್ನ ಹಿಂದಿನದು ಕೇಳಿಸುವುದು ತೀರಾ ಕಡಿಮೆ. ಆದ್ದರಿಂದ ಗಿಟಾರ್ ಮೈಕ್‌ನ ಬೆನ್ನು ನಿಮ್ಮ ಬಾಯಿಯತ್ತ ಇರುವಂತೆ ಕೆಳಮುಖವಾಗಿ ಓರೆ ಮಾಡಿ. ಮೈಕ್‌ಗಳ ನಡುವಿನ ಅಂತರ, ಮೈಕ್ ಮತ್ತು ಮೂಲದ ಅಂತರದ ಮೂರು ಪಟ್ಟು ಇರಬೇಕು ಎನ್ನುತ್ತಾರೆ. ಬಾಯಿಗೂ ಗಿಟಾರಿಗೂ ಇರುವುದೇ ಸುಮಾರು 40 ಸೆಂ.ಮೀ., ಹಾಗಾಗಿ ಗಿಟಾರ್ ಮೈಕನ್ನು 30 ಸೆಂ.ಮೀ. ದೂರ ಸರಿಸಿದರೆ ಲೆಕ್ಕ ಕೆಡುತ್ತದೆ.

ಪರೀಕ್ಷೆ ಸುಲಭ. ಎರಡೂ ಚಾನೆಲ್‌ನ ಪ್ಯಾನ್ (ಎಡ-ಬಲ ಗುಂಡಿ) ನಡುವಿಗೆ ತಂದು ಹಾಡುತ್ತಾ ಹೆಡ್‌ಫೋನ್‌ನಲ್ಲಿ ಕೇಳಿ. ತೆಳುವಾಯಿತೇ? ಗಿಟಾರ್ ಮೈಕನ್ನು ಎರಡು ಮೂರು ಸೆಂ.ಮೀ. ಆಚೀಚೆ ಸರಿಸಿ, ಮೈ ತುಂಬಿಕೊಂಡ ಜಾಗದಲ್ಲಿ ನಿಲ್ಲಿಸಿ.

ಇನ್ನೊಂದು: ಹೀಗೆ ಒಟ್ಟಿಗೆ ಹಾಡಿದ ಮೇಲೆ ಒಂದು ಸಾಲು ತಪ್ಪಿದರೆ ದನಿಯನ್ನಷ್ಟೇ ತಿದ್ದಲು ಬಾರದು, ಹಳೆಯ ದನಿ ಗಿಟಾರ್ ಟ್ರ್ಯಾಕ್‌ನಲ್ಲಿ ಉಳಿದಿರುತ್ತದೆ. ಪೂರ್ತಿ ಹಾಡು ಮತ್ತೆ ಹಾಡಿ. ಆ ಆಲ್ಬಂನ ಬಿಗಿ ಇರುವುದು ಇದರಲ್ಲೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೈಕ್ ಬ್ರ್ಯಾಂಡ್ ಆಮೇಲಿನ ಮಾತು.

ತಂತಿನಾದ

ಧನ್ಯವಾದ. ಕೊರಳಿನ ಹೋಲ್ಡರ್‌ನಲ್ಲಿ ಹಾರ್ಮೋನಿಕಾ ನುಡಿಸಿದಾಗ ಮೀಟರ್ ಕೆಂಪಿಗೆ ಹಾರುತ್ತದೆ. ಅದನ್ನು ಮೂರನೇ ಟ್ರ್ಯಾಕ್‌ಗೆ ಬೇರೆಯಾಗಿ ತೆಗೆದುಕೊಳ್ಳಲೇ?

ಕೆಂಪುಮೀಟರ್

ಹಾಡಿನ ನಡುನಡುವೆ ಬರುವುದಾದರೆ ಒಟ್ಟಿಗೇ ನುಡಿಸಿ, ಉಸಿರಿನ ಲಯ ಹಾಡಿನದೇ ಆಗಿರುತ್ತದೆ. ನುಡಿಸುವಾಗ ತಲೆ ಒಂದು ಗೇಣು ಹಿಂದಕ್ಕೆ ತೆಗೆದುಕೊಳ್ಳಿ. ಲೆವೆಲ್ ಹೊಂದಿಸಬೇಕಾದದ್ದು ಅತಿ ಜೋರಿನ ಭಾಗಕ್ಕೆ: ದನಿ, ಗಿಟಾರಿನ ಏರು ಸದ್ದು ಮೀಟರ್‌ನ 0ಯಿಂದ +3ರ ನಡುವೆ ಇರಲಿ. ಇದಕ್ಕಿಂತ ಕೆಳಗೆ ರೆಕಾರ್ಡ್ ಮಾಡಿ ಮಿಕ್ಸ್‌ನಲ್ಲಿ ಎತ್ತುವುದರಿಂದಲೇ ನಿಮ್ಮ ಹಿಸ್ ಮುಂದೆ ಬರುವುದು. ತಂಬೂರಿನ್ ಮಾತ್ರ −10ರಲ್ಲಿ ಇಡಿ. ಮುಳ್ಳಿನ ಮೀಟರ್ ನಿಧಾನ, ಆ ಚುರುಕು ಪೆಟ್ಟನ್ನು ತೋರಿಸುವುದಿಲ್ಲ. ಅಂಚಿನ 1 ಮತ್ತು 4ನೇ ಟ್ರ್ಯಾಕ್‌ಗಳಲ್ಲಿ ಸದ್ದು ಅಲ್ಲಲ್ಲಿ ಕೈಕೊಡುವುದು ಹೆಚ್ಚು. ದನಿಯನ್ನು 2ಕ್ಕೆ, ಗಿಟಾರನ್ನು 1ಕ್ಕೆ, ಎರಡನೇ ದನಿಯನ್ನು 3ಕ್ಕೆ, ತಂಬೂರಿನ್ನನ್ನು 4ಕ್ಕೆ ಹಾಕಿ. ಡಾಲ್ಬಿ ಅಥವಾ ಡಿಬಿಎಕ್ಸ್ (ಹಿಸ್ ತಗ್ಗಿಸುವ ವ್ಯವಸ್ಥೆಗಳು) ಹಾಕಿ ರೆಕಾರ್ಡ್ ಮಾಡಿದ್ದರೆ ಅದನ್ನೇ ಹಾಕಿ ನುಡಿಸಬೇಕು.

ಎಕೋ ಪೆಡಲ್ ಯಾವುದಾದರೂ ನಡೆಯುತ್ತದೆ: 100–120 ಮಿಲಿಸೆಕೆಂಡ್, ಒಂದೆರಡು ಮರುಕಳಿಕೆ, 3 ಕಿಲೋಹರ್ಟ್ಸ್‌ಗಿಂತ ಮೇಲಿನದು, 150 ಹರ್ಟ್ಸ್‌ಗಿಂತ ಕೆಳಗಿನದು ಕತ್ತರಿಸಿ. ದನಿಗೆ ಮಾತ್ರ ಹಾಕಿದರೆ ಅದು ಗಿಟಾರಿನಿಂದ ಬೇರೆಯಾಗಿ ತೇಲುತ್ತದೆ. ಇಡೀ ಮಿಕ್ಸ್‌ಗೆ ಹಾಕಿ, ಎರಡೂ ಒಂದೇ ಕೋಣೆಯಲ್ಲಿ ಕೂರುತ್ತವೆ. ಕಂಪ್ಯೂಟರ್‌ಗೆ 24 ಬಿಟ್‌ನಲ್ಲಿ ಇಳಿಸಿ, ಅತಿ ಜೋರಿನ ಸದ್ದು −12 ಡೆಸಿಬಲ್‌ನ ಆಸುಪಾಸು ಸಾಕು.

ಹಿಸ್ ತೆಗೆಯುವ ಸಾಫ್ಟ್‌ವೇರ್ 3–4 ಡೆಸಿಬಲ್ ಮೀರಿದರೆ ಎಕೋದ ಬಾಲ ನೀರೊಳಗಿನಂತೆ ಗುಳುಗುಳು ಎನ್ನುತ್ತದೆ. ಜೋರು ಮಾಡುವ ಚಪಲವೂ ಬೇಡ. ‘ನೆಬ್ರಾಸ್ಕಾ’ ಕ್ಯಾಸೆಟ್‌ನಿಂದ ಎಲ್‌ಪಿ ಕತ್ತರಿಸಲು ಹಲವು ಕಡೆ ಪ್ರಯತ್ನಿಸಿ ಸೋತು, ಕ್ಯಾಸೆಟ್ ಆಗಿಯೇ ಹೊರತರುವ ಯೋಚನೆಯೂ ಬಂದಿತ್ತು. ಕೊನೆಗೆ ಕಡಿಮೆ ಲೆವೆಲ್‌ನಲ್ಲಿ ಕತ್ತರಿಸಿದಾಗ ಸರಿಹೋಯಿತು. ನಿಮ್ಮದನ್ನು −16 ಎಲ್‌ಯುಎಫ್‌ಎಸ್‌ನಲ್ಲಿ (ಕಿವಿಗೆ ಕೇಳುವ ಒಟ್ಟು ಜೋರಿನ ಅಳತೆ) ಬಿಡಿ. ಲಿಮಿಟರ್ (ಏರು ಸದ್ದನ್ನು ಅದುಮಿ ಒಟ್ಟು ಜೋರು ಹೆಚ್ಚಿಸುವ ಸಾಧನ) ಒತ್ತಿದಷ್ಟೂ ಸಾಲುಗಳ ನಡುವಿನ ಹಿಸ್ ಮೇಲೇಳುತ್ತದೆ.