ಅಂಗಡಿಯಲ್ಲಿ ಉಳಿದ ತರಕಾರಿ, ಪಾವ್ ಕಸದ ಗಾಡಿಗೆ ಹಾಕದೆ ಏನು ಮಾಡುತ್ತೀರಿ?

ಡೊಂಬಿವಲಿಯಿಂದ ಪ್ರಶ್ನೆ:
ನಮ್ಮದು ಸಣ್ಣ ಸೂಪರ್‌ಮಾರ್ಕೆಟ್. ತರಕಾರಿ, ಪಾವ್, ಹಾಲು, ಮೊಸರು ಎಲ್ಲ ಸೇರಿ ದಿನಾ ಅಂದಾಜು 40 ಕಿಲೋ ಡಂಪಿಂಗ್ ಗ್ರೌಂಡಿಗೆ ಹೋಗುತ್ತದೆ. ಹೊಟ್ಟೆ ಉರಿಯುತ್ತದೆ. ಮಾಡಿ ನೋಡಿದವರು ಹೇಳಿ, ಪುಸ್ತಕದ ಬದನೆಕಾಯಿ ಬೇಡ.

ಥಾಣೆಯ ಅಂಗಡಿಯವರು:
ಅಂದಾಜು ಬಿಡಿ, ಒಂದು ವಾರ ತೂಕ ಹಾಕಿ. ಹಾಗೆ ಮಾಡಿದ ಮೇಲೆ ಗೊತ್ತಾಯಿತು, ನಮ್ಮಲ್ಲಿ ಜಾಸ್ತಿ ಹಾಳಾಗುತ್ತಿದ್ದದ್ದು ತರಕಾರಿ ಅಲ್ಲ, ಪಾವ್. ವಾರದ ಮಧ್ಯೆ ಆರ್ಡರ್ ಇಳಿಸಿದೆ, ಕಾಲುಭಾಗ ಕಸ ಅಲ್ಲೇ ಕಮ್ಮಿಯಾಯಿತು. ಆಮೇಲೆ, ಡೇಟ್ ಮುಗಿಯುವ ದಿನದವರೆಗೆ ಕಾಯಬೇಡಿ. ನಾನು ಎಡವಿದ್ದೇ ಅಲ್ಲಿ. ಒಂದು ಆಶ್ರಮಕ್ಕೆ ರಾತ್ರಿ ಹತ್ತಕ್ಕೆ ಮೊಸರಿನ ಡಬ್ಬಿ ಕಳಿಸಿದೆ, ಅವತ್ತೇ ಕೊನೇ ದಿನ. ಬೆಳಿಗ್ಗೆ ಹಾಗೇ ವಾಪಸ್ ಬಂತು, ಅವರದೇನೂ ತಪ್ಪಿಲ್ಲ. ಉಳಿದ ಆಹಾರ ಹಂಚುವುದಕ್ಕೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ 2019ರಲ್ಲೇ ನಿಯಮ ತಂದಿದೆ, ಡೇಟ್ ದಾಟಿದ್ದನ್ನು ಜನರಿಗೆ ಕೊಡುವ ಹಾಗಿಲ್ಲ. ಈಗ ಎರಡು ದಿನ ಬಾಕಿ ಇರುವಾಗಲೇ ಬೇರೆ ಕ್ರೇಟಿಗೆ ಹಾಕುತ್ತೇವೆ. ಉಳಿದ ಆಹಾರ ಒಯ್ದು ಬಡವರಿಗೆ ಹಂಚುವ ರಾಬಿನ್ ಹುಡ್ ಆರ್ಮಿಯಂಥ ತಂಡಗಳನ್ನು ಕೇಳಿ ನೋಡಿ. ಆದರೆ ದಿನಾ ಇಂಥ ಹೊತ್ತು ಅಂತ ಗೊತ್ತುಮಾಡಿ, ‘ಇದ್ದಾಗ ಫೋನ್ ಮಾಡುತ್ತೇನೆ’ ಅಂದರೆ ಎರಡನೇ ವಾರಕ್ಕೆ ಯಾರೂ ಬರುವುದಿಲ್ಲ.

ಪುಣೆಯಿಂದ ಒಬ್ಬರು:
ನಾನು ಅಂಗಡಿಯವಳಲ್ಲ. ಪಕ್ಕದ ಅಂಗಡಿಯ ಹಸಿ ಕಸ ನಮ್ಮ ಸೊಸೈಟಿಯ ಗೊಬ್ಬರದ ಗುಂಡಿಗೆ ಬರುತ್ತದೆ, ಆ ಗುಂಡಿ ನೋಡಿಕೊಳ್ಳುವವಳು. ದಯವಿಟ್ಟು ಕೊತ್ತಂಬರಿ ಕಟ್ಟಿನ ರಬ್ಬರ್ ಬ್ಯಾಂಡ್, ಸೇಬಿನ ಸ್ಟಿಕ್ಕರ್ ಕಿತ್ತು ಕೊಡಿ. ಮೂರು ತಿಂಗಳಾದ ಮೇಲೆ ಗೊಬ್ಬರ ಜರಡಿ ಹಿಡಿದರೆ ಎಲ್ಲ ಕರಗಿ ಮಣ್ಣಾಗಿರುತ್ತದೆ, ಸ್ಟಿಕ್ಕರ್ ಮೇಲಿನ ನಂಬರ್ ಮಾತ್ರ ಇನ್ನೂ ಓದಬಹುದು! ಪಾವ್ ಜಾಸ್ತಿ ಬಿದ್ದರೆ ಮುದ್ದೆ ಕಟ್ಟಿ ಗಾಳಿ ಆಡದೆ ನಾತ ಹೊಡೆಯುತ್ತದೆ, ಒಣ ಎಲೆ ಧಾರಾಳವಾಗಿ ಸೇರಿಸಬೇಕು. ಡಂಪಿಂಗ್ ಗ್ರೌಂಡಿನಲ್ಲಿ ಆಗುವುದೂ ಇದೇ ಅಲ್ವಾ, ರಾಶಿಯ ಒಳಗೆ ಗಾಳಿಯಿಲ್ಲದೆ ಕೊಳೆತು ಮೀಥೇನ್ ಏಳುತ್ತದೆ. ಅದು ಭೂಮಿಯನ್ನು ಬಿಸಿ ಮಾಡುವುದು ನೂರು ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು, 20 ವರ್ಷದ ಲೆಕ್ಕ ಹಿಡಿದರೆ 80 ಪಟ್ಟು. 2016ರ ಜನವರಿಯಲ್ಲಿ ದೇವನಾರ್ ರಾಶಿಗೆ ಬೆಂಕಿ ಬಿದ್ದು ಎದ್ದ ಹೊಗೆ ಮುಂಬೈಯವರಿಗೆ ಮರೆತಿರಲಿಕ್ಕಿಲ್ಲ. ಆದರೂ ಗೊಬ್ಬರ ಕೊನೆಯ ದಾರಿ. ತಿನ್ನುವಂತಿದ್ದರೆ ಮೊದಲು ಜನರ ಹೊಟ್ಟೆಗೆ ಹೋಗಲಿ, ಅದನ್ನು ಬೆಳೆಯಲು ಸುಟ್ಟ ಡೀಸೆಲ್ಲಾದರೂ ದಂಡವಾಗುವುದಿಲ್ಲ.

ಜೋಗೇಶ್ವರಿಯಿಂದ:
ಹೂಕೋಸಿನ ಎಲೆ, ಎಲೆಕೋಸಿನ ಸಿಪ್ಪೆ ತಬೇಲಾದವರು (ಎಮ್ಮೆ ಕೊಟ್ಟಿಗೆಯವರು) ಬೆಳಿಗ್ಗೆ ಒಯ್ಯುತ್ತಾರೆ. ದುಡ್ಡು ಕೊಡುವುದಿಲ್ಲ, ನಾವೂ ಕೇಳುವುದಿಲ್ಲ. ಬೂಸ್ಟು ಹಿಡಿದದ್ದು, ಹಸಿರಾದ ಆಲೂಗಡ್ಡೆ ಎಮ್ಮೆಗೆ ಹಾಕಬೇಡಿ.

ಡೊಂಬಿವಲಿಯವರು ಮತ್ತೆ:
ಇವತ್ತೇ ತಕ್ಕಡಿ ಇಟ್ಟೆ. 53 ಕಿಲೋ! ಅದರಲ್ಲಿ 14 ಕಿಲೋ ಪಾವ್. ಇಷ್ಟು ದಿನ 40 ಅಂತ ಸುಮ್ನೆ ಹೇಳಿಕೊಂಡು ಬಂದಿದ್ದೆ. ಸ್ಟಿಕ್ಕರ್ ಕೀಳುವುದು ಯಾರು ಅಂತ ಹುಡುಗರು ಆಗಲೇ ಜಗಳ ಶುರು ಮಾಡಿದ್ದಾರೆ.