ಸಹಾಯ ಬೇಕು: ಪುತ್ತೂರಿನ ಹಳೆಯ ಸ್ಕ್ರ್ಯಾಂಬ್ಲರ್ ಬೈಕ್ ಬದಿಯಡ್ಕಕ್ಕೆ ತರಬಹುದೇ?

ಎಲ್ಲರಿಗೂ ನಮಸ್ಕಾರ. ನನ್ನ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ. ಮುಖ್ಯರಸ್ತೆಯಿಂದ ಅಡಿಕೆ ತೋಟದ ತನಕ ಮುರಕಲ್ಲಿನ ಏರುದಾರಿ. ಪುತ್ತೂರಿನಲ್ಲಿ 2022ರ ರಾಯಲ್ ಎನ್‌ಫೀಲ್ಡ್ ಸ್ಕ್ರಾಮ್ 411 ಮಾರಾಟಕ್ಕಿದೆ. ಡಾಂಬರಿನಲ್ಲೂ ಕಚ್ಚಾ ದಾರಿಯಲ್ಲೂ ಓಡುವ ಸ್ಕ್ರ್ಯಾಂಬ್ಲರ್ ಬಗೆಯ ಬೈಕ್ ಅದು. ಮುಂದಿನ ಚಕ್ರ 19 ಇಂಚು, ಹಿಂದಿನದು 17. ನಮ್ಮ ದಾರಿಗೆ ಹೇಳಿ ಮಾಡಿಸಿದಂತಿದೆ. ಟ್ರಯಂಫ್ ಸ್ಕ್ರ್ಯಾಂಬ್ಲರ್ 400 ಎಕ್ಸ್ ಮೇಲೂ ಆಸೆಯಿತ್ತು. ಆದರೆ ಅದರ ಸೀಟಿನ ಎತ್ತರ 835 ಮಿಲಿಮೀಟರ್, ನನ್ನ ಕಾಲಿನ ಬೆರಳ ತುದಿಯಷ್ಟೇ ನೆಲಕ್ಕೆ ಎಟುಕುತ್ತದೆ! ಸ್ಕ್ರಾಮ್‌ನದು 795.

ತಲೆನೋವು ಕಾಗದಪತ್ರದ್ದು. ಗಾಡಿಯ ನೋಂದಣಿ ಕರ್ನಾಟಕದ ಕೆಎ-21 (ಪುತ್ತೂರು), ನಮ್ಮದು ಕೇರಳದ ಕೆಎಲ್-14 (ಕಾಸರಗೋಡು). ಪುತ್ತೂರಿನ ಸಾರಿಗೆ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತಂದು ಇಲ್ಲಿ ಮರುನೋಂದಣಿ ಮಾಡಿಸಬೇಕೆಂದು ಗೊತ್ತು. ಇತ್ತೀಚೆಗೆ ಯಾರಾದರೂ ಮಾಡಿಸಿದ್ದೀರಾ? ಕೇರಳದ ತೆರಿಗೆ ಎಷ್ಟು ಬಿತ್ತು? ಕರ್ನಾಟಕದಲ್ಲಿ ಕಟ್ಟಿದ್ದರ ಬಾಕಿ ಪಾಲು ಮರಳಿ ಬಂತೇ? ಮಧ್ಯವರ್ತಿಯೊಬ್ಬರು "ಹಾಗೆಯೇ ಓಡಿಸಿ, ಯಾರು ಕೇಳುತ್ತಾರೆ" ಎಂದರು. ರಾಜ್ಯದ ಗಡಿಯ ಸಾರಡ್ಕ ದಾಟುವಾಗಲೆಲ್ಲ ಎದೆ ಹೊಡೆದುಕೊಳ್ಳುವ ಬಾಳು ನನಗೆ ಬೇಡ.

ಹಳೆಯ ಬೈಕಿನ ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ತಿರುಗಿಸಿದರೆ ನಡುವೆ ಸಿಕ್ಕಿಕೊಳ್ಳಬಾರದು ಎಂಬಷ್ಟು ತಿಳಿದಿದೆ. ಅದರಾಚೆ ನನ್ನ ವಿದ್ಯೆ ಸೊನ್ನೆ. ಭಾನುವಾರ ನೋಡಲು ಹೋಗುತ್ತೇನೆ. ಗಾಡಿಯ ಒಳಹೊರಗು ಬಲ್ಲವರು ಯಾರಾದರೂ ಜತೆಗೆ ಬಂದರೆ ಮಧ್ಯಾಹ್ನದ ಊಟ ನನ್ನದು.